ಯುದ್ಧ ಮತ್ತು ಸಾಹಿತ್ಯದ ಮೇಲೆ ಪಿಎಚ್‌ಡಿ ಮಾಡಬೇಕು ಅಂತಿದೀನಿ, ಈ ದಾರೀಲಿ ಹೋದೋರು ಯಾರಾದ್ರೂ ಇದೀರಾ?

ಲಿಂಗರಾಜಪುರದ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಲ್ಲಿ ಇಂಗ್ಲಿಷ್ ಎಂಎ ಎರಡನೇ ವರ್ಷ ಓದ್ತಿದೀನಿ, ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೊಳ್ದೆ ಓದಿ.

ನಮ್ಮ ತಾತ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ರು (ಸೇತುವೆ, ರಸ್ತೆ ಕಟ್ಟೋ ಸೈನ್ಯದ ಇಂಜಿನಿಯರ್ ಪಡೆ), 1971ರ ಯುದ್ಧಕ್ಕೆ ಪೂರ್ವದ ಕಡೆ ಹೋಗಿದ್ರು ಅಂತ ಮನೇಲಿ ಹೇಳ್ತಾರೆ. ನಾನು ಹುಟ್ಟೋ ಮುಂಚೇನೇ ತೀರ್ಕೊಂಡ್ರು. ಹೋದ ವರ್ಷ ಮಾಗಡಿ ಹತ್ರದ ನಮ್ಮೂರಿಂದ ಅಜ್ಜೀನ ಇಲ್ಲಿಗೆ ಕರ್ಕೊಂಡು ಬಂದಾಗ ಅವರ ಜೊತೆ ಒಂದು ಕಬ್ಬಿಣದ ಟ್ರಂಕೂ ಬಂತು, ಮೇಲೆ ತಾತನ ಹೆಸರು, ನಂಬರು ಬಿಳಿ ಪೇಂಟಲ್ಲಿ ಬರ್ದಿದೆ. ಅದರೊಳಗೆ ಧಾರೆ ಸೀರೆ ಕೆಳಗೆ, ನುಸಿಗುಳಿಗೆ ವಾಸನೆ ಹಿಡಿದಿರೋ 31 ಕಾಗದ. ತಾತನಿಗೆ ಸೈನ್ ಮಾಡೋದು ಬಿಟ್ರೆ ಬರೆಯೋಕೆ ಅಷ್ಟಾಗಿ ಬರ್ತಿರಲಿಲ್ಲವಂತೆ, ಹಂಗಾಗಿ ಜೊತೇಲಿದ್ದ ಕನ್ನಡದವರ ಕೈಲಿ ಬರೆಸಿದಾರೆ, ಮೂರು ಬೇರೆ ಬೇರೆ ಕೈಬರಹ ಇದೆ. ಅಜ್ಜಿಗೆ ಓದೋಕೆ ಬರಲ್ಲ, ಪೋಸ್ಟ್‌ಮ್ಯಾನ್ ಜಗಲಿ ಮೇಲೆ ಕೂತು ಓದಿ ಹೇಳ್ತಿದ್ರಂತೆ. ಮೂವತ್ತೊಂದರಲ್ಲಿ ಒಂದರಲ್ಲೂ ಯುದ್ಧ ಇಲ್ಲ. ಮಳೆ ಬಂತಾ, ರಾಗಿ ಎಷ್ಟಾಯ್ತು, ಅಮ್ಮನ ಮಂಡಿ ನೋವು ಹೆಂಗಿದೆ, ಮನಿ ಆರ್ಡರ್ ಸೇರ್ತಾ, ಕೆಂದ ಹಸು ಕರು ಹಾಕ್ತಾ, ಇಷ್ಟೇ. ಒಂದೇ ಒಂದು ಕಾಗದದಲ್ಲಿ, 1972 ಜನವರೀದು, ಮಧ್ಯದ ಒಂದು ಸಾಲನ್ನ ಪೇಪರ್ ಹರಿಯೋ ಹಂಗೆ ಗೀಚಿ ಹೊಡೆದಿದಾರೆ.

ಕ್ಲಾಸಲ್ಲಿ ಮೊದಲ ಮಹಾಯುದ್ಧದ ಇಂಗ್ಲಿಷ್ ಕವಿಗಳ ಪಾಠ ಆಗೋವಾಗೆಲ್ಲ ನನ್ನ ತಲೇಲಿ ಈ ಕಾಗದಗಳೇ ಓಡ್ತಿರ್ತವೆ. ಯುದ್ಧ ಆದ್ಮೇಲೆ ಜನ ಅದನ್ನ ಮಾತಲ್ಲಿ ಹಾಡಲ್ಲಿ ಕಾಗದದಲ್ಲಿ ಹೆಂಗೆ ಇಟ್ಕೊಂಡ್ರು, ಏನನ್ನ ಹೇಳಲೇ ಇಲ್ಲ, ಇದರ ಮೇಲೆ ಕೆಲಸ ಮಾಡಬೇಕು ಅಂತ ತುಂಬಾ ಆಸೆ. ಡಿಪಾರ್ಟ್‌ಮೆಂಟಲ್ಲಿ ಕೇಳಿದ್ರೆ ಯುದ್ಧ ಅಂದ್ರೆ ಹಿಸ್ಟರಿಗೆ ಹೋಗು ಇಲ್ಲ ಡಿಫೆನ್ಸ್ ಸ್ಟಡೀಸ್‌ಗೆ ಹೋಗು ಅಂದ್ರು. ಅಪ್ಪ ಕೇಳ್ತಿರೋದು ಒಂದೇ, ಇದನ್ನ ಓದಿ ಊಟಕ್ಕೇನು ಮಾಡ್ತೀಯ ಅಂತ. ಸಾಹಿತ್ಯದಲ್ಲಿ ಇಂಥದ್ದೊಂದು ಕ್ಷೇತ್ರ ಇದೆಯಾ? ಕನ್ನಡದ್ದನ್ನ ಇಟ್ಕೊಂಡು ಇಂಗ್ಲಿಷ್ ಡಿಪಾರ್ಟ್‌ಮೆಂಟಲ್ಲಿ ಮಾಡೋಕಾಗುತ್ತಾ? ಅಪ್ಪನಿಗೆ ಏನಂತ ಹೇಳ್ಲಿ?

ವಿಜಯನಗರ ಗೆಸ್ಟ್ ಲೆಕ್ಚರರ್:

ಅಪ್ಪನಿಗೆ ಹೇಳೋ ಭಾಗ ನಾನು ಬರೀತೀನಿ, ಮಿಕ್ಕಿದ್ದನ್ನ ದೊಡ್ಡವರು ಯಾರಾದ್ರೂ ಹೇಳ್ಲಿ.

ಮೊದಲು ನೆಟ್ (ಲೆಕ್ಚರರ್ ಆಗೋಕೆ ಬರೆಯೋ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬರೀರಿ, ಅದೂ ಜೆಆರ್‌ಎಫ್, ಅಂದ್ರೆ ಅದರಲ್ಲಿ ಸಿಗೋ ಸಂಶೋಧನಾ ಫೆಲೋಶಿಪ್, ಗುರಿ ಇಟ್ಕೊಂಡು. ಜೆಆರ್‌ಎಫ್ ಆದ್ರೆ ತಿಂಗಳಿಗೆ ₹37,000, ಅದರ ಮುಂದಿನ ಹಂತ ಎಸ್‌ಆರ್‌ಎಫ್‌ಗೆ ಹೋದ್ಮೇಲೆ ₹42,000, ಅದರ ಮೇಲೆ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ). ಬೆಂಗಳೂರಲ್ಲಿ ಮನೇಲೇ ಇದ್ಕೊಂಡು ಓದೋರಿಗೆ ಇದು ಧಾರಾಳ ಅಲ್ಲದಿದ್ರೂ ಸಾಕು, ಅಪ್ಪನ ಹತ್ರ ಕೈ ಚಾಚಬೇಕಾಗಿಲ್ಲ. 2024ರಿಂದ ನೆಟ್ ಸ್ಕೋರನ್ನ ಪಿಎಚ್‌ಡಿ ಅಡ್ಮಿಷನ್‌ಗೂ ತಗೋತಾರೆ. ಜೊತೆಗೆ ಅದೇ ಥರದ ರಾಜ್ಯದ ಪರೀಕ್ಷೆ ಕೆ-ಸೆಟ್ಟೂ ಬರ್ದಿಟ್ಕೊಳ್ಳಿ. ಎಂಎ ಇಂಗ್ಲಿಷ್ ಆಗಿರೋದ್ರಿಂದ ಇಂಗ್ಲಿಷ್ ಪೇಪರ್ರೇ ಸುಲಭ, ಡಿಫೆನ್ಸ್ ಸ್ಟಡೀಸ್ ಅಂತ ನೆಟ್‌ನಲ್ಲಿ ಬೇರೇನೇ ಸಬ್ಜೆಕ್ಟ್ ಇದೆ, ಆದ್ರೆ ಅಲ್ಲಿ ಓದೋದು ಗಡಿ, ರಣತಂತ್ರ, ವಿದೇಶಾಂಗ ನೀತಿ, ನಿಮ್ಮ ಅಜ್ಜಿ ಟ್ರಂಕಿಗೆ ಅಲ್ಲಿ ಜಾಗ ಇಲ್ಲ.

ಪರ್ಮನೆಂಟ್ ಅಸಿಸ್ಟೆಂಟ್ ಪ್ರೊಫೆಸರ್ ಆದ್ರೆ ಬೇಸಿಕ್ ₹57,700ರಿಂದ ಶುರು. ಆದ್ರೆ ಆ ಪೋಸ್ಟು ಕರೆಯೋದು ಯಾವಾಗ ಅನ್ನೋದೇ ಕಷ್ಟ, ಅದನ್ನ ಮುಚ್ಚಿಡಲ್ಲ. ನಾನು ಆರು ವರ್ಷದಿಂದ ಗೆಸ್ಟ್ ಆಗಿದೀನಿ, ರಜೆ ತಿಂಗಳಲ್ಲಿ ಸಂಬಳ ಇಲ್ಲ, ಬೆಳಿಗ್ಗೆ ಒಂದು ಕಾಲೇಜು ಮಧ್ಯಾಹ್ನ ಇನ್ನೊಂದು. ನನ್ನ ಪಿಎಚ್‌ಡಿ ದೇಶ ವಿಭಜನೆ ಕಥೆಗಳ ಮೇಲೆ. ಅದನ್ನ ಮಾಡಿದ್ದಕ್ಕೆ ಒಂದು ದಿನಾನೂ ಬೇಸರ ಆಗಿಲ್ಲ, ಕ್ಲಾಸಲ್ಲಿ ಆ ಕಥೆ ಓದಿ ಹೇಳಿದ ದಿನ ಹುಡುಗರು ಬೆಲ್ ಹೊಡೆದ್ರೂ ಎದ್ದು ಹೋಗಲ್ಲ. ಆದ್ರೆ ಮನೆ ಪರಿಸ್ಥಿತಿ ನೋಡ್ಕೊಂಡು, ಜೆಆರ್‌ಎಫ್ ಕೈಗೆ ಬಂದ್ಮೇಲೇ ಇಳೀರಿ.

ಎನ್.ಆರ್. ಕಾಲೋನಿ ಮೇಡಂ:

ನಿನ್ನ ಪೋಸ್ಟ್ ಎರಡು ಸಲ ಓದಿದೆ ಕಣಮ್ಮ. ನಾನು ಇಪ್ಪತ್ತೆಂಟು ವರ್ಷ ಇದೇ ಕೆಲಸ ಮಾಡಿ ಹೋದ ವರ್ಷ ರಿಟೈರ್ ಆದೋಳು, ಹಂಗಾಗಿ ಉದ್ದ ಬರೀತೀನಿ.

ಯಾವ ತುಕಡಿ ಯಾವ ನದೀಗೆ ಸೇತುವೆ ಹಾಕ್ತು, ಎಷ್ಟು ಜನ ಸತ್ರು ಅನ್ನೋದನ್ನ ಹಿಸ್ಟರಿಯವರು ಚೆನ್ನಾಗೇ ಬರೀತಾರೆ. ಒಬ್ಬ ಗಂಡ ಮೂರು ಜನರ ಕೈಬರಹದಲ್ಲಿ ಹೆಂಡತಿ ಹತ್ರ ಮಾತಾಡಿ, ಅದನ್ನ ಅವಳು ಪೋಸ್ಟ್‌ಮ್ಯಾನ್ ಬಾಯಲ್ಲಿ ಕೇಳಿಸ್ಕೊಂಡಿದಾಳಲ್ಲ, ಅದನ್ನ ಓದೋಕೆ ಸಾಹಿತ್ಯದವರೇ ಬೇಕು. ಬರೆಯೋನು ಕೇಳಿಸ್ಕೋತಾನೆ, ಓದೋನು ಕೇಳಿಸ್ಕೋತಾನೆ, ಜಗಲಿ ಮೇಲೆ ಅತ್ತೆನೂ ಕೂತಿರ್ತಾರೆ. ಇಷ್ಟು ಜನರ ಮುಂದೆ ಗಂಡಸು ಹಸು ವಿಚಾರ ಬಿಟ್ಟು ಇನ್ನೇನು ಕೇಳಾನು ಹೇಳು. ಆ ಹಸುವಿನೊಳಗೆ ಏನೇನಿದೆ ಅಂತ ನೋಡೋದೇ ನಿನ್ನ ಥೀಸಿಸ್ಸು.

ಕ್ಷೇತ್ರ ಇದೆಯಾ ಅಂದ್ರೆ ಇದೆ, ಐವತ್ತು ವರ್ಷ ಆಯ್ತು. ಪಾಲ್ ಫಸೆಲ್ ಅಂತ ಅಮೆರಿಕದ ಮೇಷ್ಟ್ರು, ಎರಡನೇ ಮಹಾಯುದ್ಧದಲ್ಲಿ ಕಾಲಾಳು ಪಡೆಯ ಲೆಫ್ಟಿನೆಂಟ್ ಆಗಿ ಫ್ರಾನ್ಸ್‌ನಲ್ಲಿ ಗಾಯ ಆಗಿ ಬಂದೋರು, 1945ರ ಮಾರ್ಚ್‌ನಲ್ಲಿ ಪಕ್ಕದಲ್ಲೇ ಇದ್ದ ಸಾರ್ಜೆಂಟ್ ಸತ್ತು ಹೋದ. ಬಂದೋರು ಮಾಡಿದ್ದೇನು ಗೊತ್ತಾ, ಹದಿನೆಂಟನೇ ಶತಮಾನದ ಇಂಗ್ಲಿಷ್ ಛಂದಸ್ಸಿನ ಮೇಲೆ ಪಿಎಚ್‌ಡಿ. ವರ್ಷಗಟ್ಟಲೆ ಛಂದಸ್ಸು, ಪದ್ಯ ಅಂತಲೇ ಇದ್ದು, ಕೊನೆಗೆ 1975ರಲ್ಲಿ ಮೊದಲ ಮಹಾಯುದ್ಧ ಇಂಗ್ಲಿಷ್ ಮನಸ್ಸನ್ನ, ಭಾಷೇನ ಹೆಂಗೆ ಬದಲಾಯಿಸ್ತು ಅಂತ ಪುಸ್ತಕ ಬರೆದು ಆ ಸಾರ್ಜೆಂಟ್ ನೆನಪಿಗೆ ಅರ್ಪಿಸಿದ್ರು. ಮೂವತ್ತು ವರ್ಷ ಬೇಕಾಯ್ತು ಅವರಿಗೆ. ನಮ್ಮ ಕಾಲದಲ್ಲಿ ಈ ಕೆಲಸಕ್ಕೆ ಇಳಿದೋರೆಲ್ಲ ಅಲ್ಲಿಂದಲೇ ಶುರು ಮಾಡಿದ್ದು. ಆಮೇಲೆ ಅದರಲ್ಲಿ ಹೆಂಗಸರಿಲ್ಲ, ವಸಾಹತುಗಳ ಸಿಪಾಯಿಗಳಿಲ್ಲ, ಬರೀ ಓದಿದ ಬಿಳಿ ಆಫೀಸರ್‌ಗಳ ಯುದ್ಧ ಅಂತ ಎಲ್ಲರೂ ಟೀಕೆ ಮಾಡಿದ್ರು, ಸರಿಯಾಗೇ ಮಾಡಿದ್ರು. ಆ ಖಾಲಿ ಜಾಗದಲ್ಲಿ ಶಂತನು ದಾಸ್ ಅಂಥೋರು ಬಂದ್ರು. ಇಂಗ್ಲಿಷ್ ಸಾಹಿತ್ಯದ ಮೇಷ್ಟ್ರೇ, ಪುಸ್ತಕದ ಜೊತೆಗೆ ವಸ್ತುಗಳನ್ನೂ ಓದಿದ್ರು. ಚಂದನನಗರದ ಮ್ಯೂಸಿಯಂನಲ್ಲಿ ಜೋಗೇಂದ್ರನಾಥ ಸೇನ್ ಅನ್ನೋ ಬಂಗಾಳಿ ಹುಡುಗನ ಕನ್ನಡಕ ಇದೆ, 1916ರಲ್ಲಿ ಫ್ರಾನ್ಸ್‌ನಲ್ಲಿ ಸತ್ತೋನು, ಒಡೆದ ಗಾಜು, ರಕ್ತದ ಕಲೆ. ಅದರ ಮುಂದೆ ನಿಂತು ಬರೆಯೋದೂ ಸಾಹಿತ್ಯ ವಿಮರ್ಶೆನೇ ಅಂತ ತೋರಿಸಿಕೊಟ್ರು.

ಈಗ ನನ್ನ ಕಥೆ. 1992ರಲ್ಲಿ ಎಂಎ ಮುಗಿಸಿ ಸಿಪಾಯಿಗಳ ಕಾಗದಗಳ ಮೇಲೆ ಮಾಡ್ತೀನಿ ಅಂದ್ರೆ ಮೊದಲು ಕೇಳಿದ ಗೈಡು, ಕಾಗದ ಸಾಹಿತ್ಯ ಆಗಲ್ಲ, ಒಬ್ಬ ಕಾದಂಬರಿಕಾರನ್ನ ಹಿಡ್ಕೊಂಡು ಬಾ ಅಂದ್ರು. ನಾಲ್ಕು ವರ್ಷ ಅಲೆದೆ. ಆಮೇಲೆ ಒಪ್ಪಿದ ಗೈಡ್ ಸಿಕ್ಕಿ, ಪಾಠ ಮಾಡ್ಕೊಂಡೇ ಪಾರ್ಟ್‌ಟೈಮ್ ಮುಗಿಸೋ ಹೊತ್ತಿಗೆ ಮಗಳು ಸ್ಕೂಲಿಗೆ ಹೋಗ್ತಿದ್ಲು. ಮಧ್ಯದಲ್ಲಿ ಒಂದು ಚಿಕ್ಕ ಗ್ರಾಂಟ್ ಸಿಕ್ಕಿ ಆರು ವಾರ ಲಂಡನ್ನಿನ ಬ್ರಿಟಿಷ್ ಲೈಬ್ರರೀಲಿ ಕೂತೆ. ಮೊದಲ ಮಹಾಯುದ್ಧದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಇಲ್ಲಿಂದ ಸಮುದ್ರ ದಾಟಿದ್ರು, ಫ್ರಾನ್ಸ್‌ನಲ್ಲಿದ್ದ ನಮ್ಮ ಸಿಪಾಯಿಗಳ ಕಾಗದಗಳನ್ನ ಸೆನ್ಸಾರ್‌ನವರು ಓದಿ ಇಂಗ್ಲಿಷ್‌ಗೆ ಮಾಡಿ ಟೈಪ್ ಮಾಡಿಟ್ಟಿದ್ರು. ಉಳಿದಿರೋದು ಹೆಚ್ಚುಕಮ್ಮಿ ಆ ಟೈಪ್ ಮಾಡಿದ ಇಂಗ್ಲಿಷೇ, ಅವರ ಉರ್ದು, ಗುರುಮುಖಿ, ಹಿಂದಿ ಮೂಲ ಹೋಯ್ತು. ಕರಿಮೆಣಸು ಮುಗೀತು, ಈಗ ಕೆಂಪು ಮೆಣಸು ಬಳಸ್ತಿದಾರೆ ಅಂತ ಒಬ್ಬ ಮನೆಗೆ ಬರೆಸಿದಾನೆ. ನಮ್ಮವರು ಬಹಳ ಜನ ಸತ್ರು, ಈಗ ಬಿಳಿಯರನ್ನ ಕಳಿಸ್ತಿದಾರೆ ಅಂತ ಅದರ ಅರ್ಥ. ಸೆನ್ಸಾರ್‌ನವನಿಗೂ ಅದು ಗೊತ್ತಾಗಿದೆ, ಆದ್ರೂ ಬರ್ಕೊಂಡಿದಾನೆ. ಆ ಹಾಳೆ ನೋಡಿದ ದಿನ ಸಾಯಂಕಾಲ ರೂಮಿಗೆ ಹೋಗಿ ಅನ್ನ ಸಾರು ಮಾಡೋಕೆ ಮೆಣಸಿನ ಡಬ್ಬಿ ಎತ್ಕೊಂಡೋಳು ಹಂಗೇ ನಿಂತ್ಬಿಟ್ಟೆ.

ಬರ್ಲಿನ್ ಹತ್ರ ವುನ್ಸ್‌ಡಾರ್ಫ್ ಅನ್ನೋ ಕಡೆ ಸೆರೆ ಸಿಕ್ಕಿದ ನಮ್ಮವರ ಕ್ಯಾಂಪ್ ಇತ್ತು, 1916ರ ಡಿಸೆಂಬರ್‌ನಲ್ಲಿ ಮಾಲ್ ಸಿಂಗ್ ಅನ್ನೋ ಪಂಜಾಬಿ ಸಿಪಾಯಿ ದನಿ ರೆಕಾರ್ಡ್ ಮಾಡ್ಕೊಂಡಿದಾರೆ, ಇವತ್ತಿಗೂ ಕೇಳಬಹುದು. ಅವನು ನಾನು ಅಂತಲೇ ಹೇಳಲ್ಲ. ಒಬ್ಬ ಮನುಷ್ಯ ಇದ್ದ, ಹಿಂದೂಸ್ತಾನದಲ್ಲಿ ಬೆಣ್ಣೆ ತಿಂತಿದ್ದ, ಹಾಲು ಕುಡೀತಿದ್ದ ಅಂತ ಶುರು ಮಾಡ್ತಾನೆ. ನಿನ್ನ ತಾತನ ಕೆಂದ ಹಸು ಓದಿದಾಗ ನನಗೆ ಅವನ ಬೆಣ್ಣೆ ನೆನಪಾಯ್ತು.

ಕನ್ನಡ ಇಟ್ಕೊಂಡು ಮಾಡೋಕಾಗುತ್ತಾ ಅಂತ ಕೇಳ್ತೀಯಲ್ಲ, ಕನ್ನಡ ಇಟ್ಕೊಂಡೇ ಮಾಡು. ರನ್ನನ ಗದಾಯುದ್ಧ ಹತ್ತನೇ ಶತಮಾನದ್ದು, ಅದರಲ್ಲಿ ದುರ್ಯೋಧನ ಸಂಜಯನ ಜೊತೆ ಹೆಣಗಳ ಮಧ್ಯೆ ನಡ್ಕೊಂಡು ಹೋಗೋ ಭಾಗ ಮತ್ತೆ ಓದು. ದ್ರೋಣ, ಕರ್ಣ, ದುಶ್ಶಾಸನ ಒಬ್ಬೊಬ್ಬರ ಮುಂದೇನೂ ನಿಲ್ತಾನೆ. ಅಭಿಮನ್ಯು ಮುಂದೆ, ಶತ್ರುವಿನ ಮಗನ ಮುಂದೆ ನಿಂತು, ನಿನ್ನಂಥ ಸಾವು ನನಗೂ ಬರ್ಲಿ ಅಂತ ಕೇಳ್ಕೋತಾನೆ. ಯುದ್ಧ ಸೋತೋನು ಯುದ್ಧಭೂಮೀಲಿ ನಡೆದಾಡಿದ್ರೆ ಏನಾಗುತ್ತೆ ಅಂತ ಇಷ್ಟು ಹತ್ತಿರದಿಂದ ಬರೆದಿದ್ದನ್ನ ನಾನು ಇಂಗ್ಲಿಷಲ್ಲಿ ಹುಡುಕಿ ಹುಡುಕಿ ಸಾಕಾದೆ.

ಬೇಗೂರು ಕೆರೆ ಏರಿ:

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, ಸಾಹಿತ್ಯ ನನ್ನ ಸಬ್ಜೆಕ್ಟ್ ಅಲ್ಲ, ಶಾಸನದ ಹುಚ್ಚು ಅಷ್ಟೆ. ನಮ್ಮ ಬೇಗೂರು ದೇವಸ್ಥಾನದಲ್ಲಿ ಸುಮಾರು 890ರ ಒಂದು ಶಾಸನ ಇದೆ, ಬೆಂಗಳೂರು ಅನ್ನೋ ಹೆಸರು ಬರೋ ಹಳೇ ಬರಹ ಅದೇ. ಅದರಲ್ಲಿರೋದು ಬೆಂಗಳೂರ ಕಾಳಗದಲ್ಲಿ ನಾಗತ್ತರನ (ಗಂಗರ ಕಾಲದಲ್ಲಿ ಈ ಕಡೆಯ ಅಧಿಕಾರಿ) ಕಡೆಯೋನು ಒಬ್ಬ ಸತ್ತ ಅನ್ನೋ ಸುದ್ದಿ. ನಮ್ಮೂರಿನ ಹೆಸರೇ ಮೊದಲು ಕಾಣಿಸ್ಕೊಂಡಿದ್ದು ಯುದ್ಧದಲ್ಲಿ ಸತ್ತೋನ ನೆನಪಿನ ಕಲ್ಲಲ್ಲಿ.

ನಾಗತ್ತರ ಸತ್ತ ಕಲ್ಲು ಬೇರೆ, ಅದು ಕಸ್ತೂರಬಾ ರಸ್ತೆ ಮ್ಯೂಸಿಯಂನಲ್ಲಿದೆ, ಆನೆ ಕುದುರೆ ಕಾಲಡಿ ಬಿದ್ದೋರು ಎಲ್ಲಾ ಒತ್ತೊತ್ತಾಗಿ ಕೆತ್ತಿದಾರೆ. ಅಲ್ಲೇ ಆತಕೂರಿನ ಕಲ್ಲೂ ಇದೆ, ರಾಷ್ಟ್ರಕೂಟರು ಚೋಳರ ವಿರುದ್ಧ 949ರ ತಕ್ಕೋಲಂ ಯುದ್ಧ ಗೆದ್ದ ವಿಷಯ ಅದರಲ್ಲಿದೆ, ಆದ್ರೆ ಕಲ್ಲು ಕೆತ್ತಿಸಿದ್ದು ಕಾಳಿ ಅನ್ನೋ ನಾಯಿಗೆ, ಹಂದಿ ಜೊತೆ ಹೋರಾಡಿ ಎರಡೂ ಸತ್ತವು. ರಾಜರ ಯುದ್ಧದ ಸುದ್ದಿ ನಾಯಿ ಕಲ್ಲಲ್ಲಿ ಉಳ್ಕೊಂಡಿದೆ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟ ಬೆಂಗಳೂರು ಜಿಲ್ಲೆದು, 1905ರದ್ದು, ಅದನ್ನ ಒಂದ್ಸಲ ತಿರುವಿ ಹಾಕಿ. ಹಂಗೇ ಜೆ.ಸಿ. ನಗರದ ಕಡೆ ಹೋದ್ರೆ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ನೋಡ್ಕೊಂಡು ಬನ್ನಿ, ಇಲ್ಲಿಂದ ಹೋದ ಸವಾರರು ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ಕ್ಕೆ, ಈಗಿನ ಇಸ್ರೇಲ್‌ನ ಹೈಫಾದಲ್ಲಿ ಹೋರಾಡಿದ್ರು. ದಿನಾ ಅದರ ಮುಂದೆ ಬಸ್ಸಲ್ಲಿ ಹೋಗೋ ಎಷ್ಟೋ ಜನಕ್ಕೆ ಅದೇನು ಅಂತಾನೇ ಗೊತ್ತಿಲ್ಲ, ಅದು ನನಗೆ ನಿಜವಾಗ್ಲೂ ಸಂಕಟ.

ಮುಧೋಳ ಕಡೆಯವ, ಸದ್ಯ ಪೀಣ್ಯ:

ತಂಗಿ, ನೀ ಕನ್ನಡ ಮೀಡಿಯಂ ಅಂದ್ರ ಹಲಗಲಿ ಬೇಡರ ಲಾವಣಿ ಹತ್ತನೇತ್ತಕ್ಕ ಓದಿರ್ತಿ. ಹಲಗಲಿ ನಮ್ಮೂರಿಗೆ ಹತ್ರ ಐತಿ. 1857ರಾಗ ಹತಾರ ಇಟ್ಕೋಬಾರದು ಅಂತ ಕಾಯ್ದೆ ಬಂದಾಗ ಹನುಮ, ಬಾಲ, ಜಡಗ, ರಾಮ ಎದ್ದು ನಿಂತ್ರು, ಬ್ರಿಟಿಷರು ಊರನ್ನ ಸುಟ್ಟು ಬಿಟ್ರು. ಸಾಲ್ಯಾಗ ನಮಗ ಶೌರ್ಯ ಅಂತ ಕಲಿಸಿದ್ರು, ಅದು ಖರೇನ. ಆದ್ರ ಕಡೀಕ ಲೂಟಿ ಮಾಡಿದ್ದು ಏನೇನು ಅಂತ ಹಾಡ್ತಾರ ನೋಡ, ಕೊಡಲಿ, ಮೊಸರು, ಬೆಣ್ಣಿ, ಉಪ್ಪು, ಎಣ್ಣಿ, ಅರಿಸಿನ, ಜೀರಗಿ, ಬೆಲ್ಲ, ಗಂಗಾಳ, ಚರಗಿ, ಮಂಗಳಸೂತ್ರ, ಬೀಸುಕಲ್ಲು ಅಂತ ಎಲ್ಲಾ ಎಣಿಸ್ತಾರ. ಸಣ್ಣಾಂವ ಇದ್ದಾಗ ಇದನ್ನ್ಯಾಕ ಹಾಡ್ತಾರ ಅನ್ನಿಸ್ತಿತ್ತು. ನಮ್ಮವ್ವನ ಅಡಗಿಮನ್ಯಾಗ ನಿಂತು ಒಂದೊಂದ ಡಬ್ಬಿ ನೋಡಿದಾಗ ತಿಳೀತು, ಜೀರಗಿ ಸುದ್ದಾ ಬಿಟ್ಟಿಲ್ಲ ಅಂದ್ರ ಆ ಮನ್ಯಾಗ ಏನೂ ಉಳಿದಿಲ್ಲ ಅಂತ ಅರ್ಥ. ಬೀಸುಕಲ್ಲು ಹೊತ್ತೊಯ್ದ್ರ ನಾಳಿ ರೊಟ್ಟಿ ಎಲ್ಲಿಂದ ಬರಬೇಕು?

ಈ ಲಾವಣಿನ ಫ್ಲೀಟ್ ಅನ್ನೋ ಇಂಗ್ಲಿಷ್ ಅಧಿಕಾರಿ 1880ರ ದಶಕದಾಗ ಸಂಗ್ರಹ ಮಾಡಿ ಪ್ರಿಂಟ್ ಮಾಡಿಸಿದ. ಸುಟ್ಟವರ ಸರಕಾರದಾಗ ನೌಕರಿ ಮಾಡಾಂವನ ಆ ಸುಟ್ಟ ಊರಿನ ಹಾಡು ಬರ್ಕೊಂಡ. ಅದನ್ನ ನಿಮ್ಮಂಥವರು ಓದಿ ಬಿಡಿಸಿ ಹೇಳ್ಬೇಕು ನೋಡವ್ವ, ನಮಗ ಹಾಡಾಕ ಅಷ್ಟ ಬರ್ತೈತಿ.

ಮಾಜಿ ಸ್ಯಾಪರ್, ರಾಮಮೂರ್ತಿನಗರ:

ಮಗಳೇ, ನಾನೂ ಅದೇ ಸೆಂಟರ್‌ನೋನು, ಹಲಸೂರು ಕೆರೆ ಪಕ್ಕ ಟ್ರೈನಿಂಗ್ ಆಗಿದ್ದು. 71ರಲ್ಲಿ ನಾನಿರಲಿಲ್ಲ, 78ಕ್ಕೆ ಸೇರಿದ್ದು, ಆದ್ರೆ ಆ ಯುದ್ಧ ಮಾಡಿದ ಹವಾಲ್ದಾರ್‌ಗಳ ಕೈಕೆಳಗೇ ಬೆಳೆದಿದೀನಿ. ಅವರು ರಾತ್ರಿ ಹೊತ್ತು ಸೇತುವೆ ಬಗ್ಗೆ, ನೀರಿನ ಬಗ್ಗೆ ಮಾತಾಡ್ತಿದ್ರು, ಸತ್ತೋರ ವಿಚಾರ ಬಂದ್ರೆ ಎದ್ದು ಹೋಗ್ತಿದ್ರು.

ಕಾಗದದ ಮೇಲಿನ ವಿಳಾಸ ನೋಡು, 56 ಎಪಿಒ (ಆರ್ಮಿ ಪೋಸ್ಟ್ ಆಫೀಸ್) ಇಲ್ಲ 99 ಎಪಿಒ ಅಂತಿರುತ್ತೆ, ಊರ ಹೆಸರಿರಲ್ಲ. ನಮ್ಮ ಮನೆಯವರಿಗೂ ನಾನು ಎಲ್ಲಿದೀನಿ ಅಂತ ಗೊತ್ತಿರ್ತಿರಲಿಲ್ಲ, ನಂಬರ್ ಮಾತ್ರ ಗೊತ್ತು. ನಮ್ಮಮ್ಮ ಆ ನಂಬರ್ರೇ ಊರು ಅಂದ್ಕೊಂಡು, ಮಗ ಐವತ್ತಾರರಲ್ಲಿದಾನೆ ಅಂತ ಬಂದೋರಿಗೆಲ್ಲ ಹೇಳ್ತಿದ್ರು. ಜಾಗ, ಯೂನಿಟ್ ಕೆಲಸ ಏನೂ ಬರೀಬಾರದು ಅಂತ ಆರ್ಡರ್ ಇರುತ್ತೆ, ಹಂಗಾಗಿ ಹಸು, ಮಳೆ, ರಾಗಿ. ತಾತನ ಸರ್ವಿಸ್ ವಿವರ ಬೇಕು ಅಂದ್ರೆ ಟ್ರಂಕ್ ಮೇಲಿನ ನಂಬರ್ ಹಾಕಿ ಅಜ್ಜಿ ಹೆಸರಲ್ಲೇ ಬೆಂಗಳೂರಿನ ರೆಕಾರ್ಡ್ಸ್ ಆಫೀಸಿಗೆ ಅರ್ಜಿ ಬರೀರಿ, ಪಿಂಚಣಿ ಪುಸ್ತಕದ ಜೆರಾಕ್ಸ್ ಜೊತೆಗಿಡಿ. ಸೆಂಟರ್ ಒಳಗಿನ ಮ್ಯೂಸಿಯಂ ನೋಡೋಕೆ ಮುಂಚೇನೇ ಪರ್ಮಿಷನ್ ತಗೋಬೇಕು, ಸುಮ್ನೆ ಗೇಟ್ ಹತ್ರ ಹೋಗ್ಬೇಡಿ.

ಲಿಂಗರಾಜಪುರದ ಹುಡುಗಿ:

ಎಲ್ಲರಿಗೂ ಹೆಂಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ಜೆಆರ್‌ಎಫ್ ಲೆಕ್ಕ ಅಪ್ಪನಿಗೆ ತೋರಿಸ್ದೆ, ಬರಿ ನೋಡೋಣ ಅಂದ್ರು, ಅಷ್ಟು ಹೇಳಿದ್ದೇ ದೊಡ್ಡದು. ಸರ್ ಹೇಳಿದ ಮೇಲೆ ವಿಳಾಸ ನೋಡಿದೆ, 99 ಎಪಿಒ ಅಂತಲೇ ಇದೆ.

ಆದ್ರೆ ಬರೆಯೋಕೆ ಬಂದಿದ್ದು ಬೇರೆ ವಿಷಯ. ಆ ಹೊಡೆದು ಹಾಕಿರೋ ಸಾಲು ಸೆನ್ಸಾರ್‌ನವರದ್ದು ಅಂತಲೇ ನಾನು ಇಷ್ಟು ದಿನ ಅಂದ್ಕೊಂಡಿದ್ದೆ. ನಿನ್ನೆ ಸಾಯಂಕಾಲ ಅಜ್ಜಿ ಅವರೆಕಾಯಿ ಸುಲೀತಿದ್ರು, ನಾನೂ ಜೊತೆ ಕೂತು ಸುಮ್ನೆ ಕೇಳ್ದೆ. ಅಜ್ಜಿ ತಲೆ ಎತ್ತದೆ ಹೇಳಿದ್ರು, ಅದನ್ನ ಹೊಡೆಸಿದ್ದು ನಾನೇ ಅಂತ. ಪೋಸ್ಟ್‌ಮ್ಯಾನ್ ಆ ಸಾಲು ಓದಿದಾಗ ಜಗಲೀಲಿ ಅಜ್ಜಿ ಒಬ್ಬರೇ ಇದ್ರಂತೆ. ಅತ್ತೆಗೆ ಆಮೇಲೆ ಯಾರಾದ್ರೂ ಮತ್ತೆ ಓದಿ ಹೇಳಿದ್ರೆ ಅವರು ತಡ್ಕೊಳ್ಳಲ್ಲ ಅಂತ ಪೋಸ್ಟ್‌ಮ್ಯಾನ್ ಪೆನ್ನಲ್ಲೇ ಅಲ್ಲೇ ಹೊಡೆಸಿಬಿಟ್ರಂತೆ. ಏನಿತ್ತು ಅಜ್ಜಿ ಅಂದ್ರೆ, ಮೊದಲು ಕಾಗದ ಬರೆದುಕೊಡ್ತಿದ್ದ ಹುಡುಗ ಇನ್ನಿಲ್ಲ, ಇದನ್ನ ಬೇರೆಯವರ ಕೈಲಿ ಬರೆಸ್ತಿದೀನಿ ಅಂತಿತ್ತು ಅಂದ್ರು. ಐವತ್ತು ವರ್ಷದ ಮೇಲಾಯ್ತು, ಪದ ಪದ ಹಂಗೇ ಹೇಳಿದ್ರು. ಆಮೇಲೆ ಮೊರ ಎತ್ಕೊಂಡು ಒಳಗೆ ಹೋದ್ರು.

ರಾತ್ರಿ ಕಾಗದ ಎಲ್ಲ ತಾರೀಖಿನ ಪ್ರಕಾರ ಜೋಡಿಸಿ ನೋಡಿದೆ. ಮೊದಲ 19 ಒಂದೇ ಕೈಬರಹ, ದುಂಡಗೆ, ಮಗ್ಗಿ ಪುಸ್ತಕದ ಥರ. 1971 ನವೆಂಬರ್ ಆದ್ಮೇಲೆ ಆ ಕೈಬರಹ ಮತ್ತೆ ಬರಲ್ಲ.

ಮೇಡಂ, ಇದನ್ನ ನಾನು ಥೀಸಿಸ್‌ನಲ್ಲಿ ಬರೀಬಹುದಾ? ಅಜ್ಜಿನ ರೆಕಾರ್ಡ್ ಮಾಡ್ಕೊಳ್ಳೋದು ಸರಿನಾ?

ಎನ್.ಆರ್. ಕಾಲೋನಿ ಮೇಡಂ:

ಈಗಲೇ ರೆಕಾರ್ಡ್ ಮಾಡಬೇಡ. ಇವತ್ತು ರಾತ್ರಿ ಕೂತು ಅವರು ಹೇಳಿದ್ದನ್ನ ಅವರದೇ ಮಾತಲ್ಲಿ, ತಾರೀಖು ಹಾಕಿ, ನೋಟ್‌ಬುಕ್‌ನಲ್ಲಿ ಬರ್ದಿಟ್ಕೋ. ಅವರೆಕಾಯಿ ಸುಲೀತಿದ್ರು ಅನ್ನೋದನ್ನೂ ಬರಿ. ಕಾಗದಗಳನ್ನ ನುಸಿಗುಳಿಗೆ ಜೊತೆ ಇಡಬೇಡ, ಲ್ಯಾಮಿನೇಷನ್ ಅಂತೂ ಖಂಡಿತ ಮಾಡಿಸ್ಬೇಡ, ಮಡಿಕೆ ಬಿಡಿಸಿ ಬಿಸಿಲಿಲ್ಲದ ಕಡೆ ಫೋಟೋ ತೆಗೆದು ಬಟ್ಟೆ ಚೀಲದಲ್ಲಿಡು. ಆ ದುಂಡಗಿನ ಕೈಬರಹದ ಹುಡುಗನ ಹೆಸರು ಅಜ್ಜಿಗೆ ಗೊತ್ತಿರಬಹುದು, ನೀನಾಗಿ ಕೇಳಬೇಡ, ಅವರೇ ಹೇಳೋ ದಿನ ಬರುತ್ತೆ. ಹತ್ತೊಂಬತ್ತು ಕಾಗದ ಅವನದೂ ಹೌದು ಕಣಮ್ಮ, ಅವನ ಮನೇಲೂ ಯಾರೋ ಕಾಯ್ತಿದ್ರು.

ಬರೆಯೋದು ಅಜ್ಜಿ ಹೂಂ ಅಂದ ಮೇಲೆ. ಬೇಡ ಅಂದ್ರೆ ಆ ಒಂದು ಸಾಲು ಬಿಟ್ಟು ಮಿಕ್ಕಿದ್ದು ಬರಿ. ಮುಂದಿನ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಕಸ್ತೂರಬಾ ರಸ್ತೆ ಮ್ಯೂಸಿಯಂ ಗೇಟ್ ಹತ್ರ ಇರ್ತೀನಿ, ಬೇಗೂರಿನವರೂ ಬರೋದಾದ್ರೆ ಬನ್ನಿ, ಆ ಕಲ್ಲು ನೋಡ್ಕೊಂಡು ಕೂತು ಮಾತಾಡೋಣ.